ಸೆಳವಿನ ನೀರಿನಲ್ಲಿ ರಕ್ಷಣೆ : ಆರಂಭಿಕ ತರಬೇತಿಯ ಪಾಠಗಳು

ಕೃಷ್ಣಾ, ಭೀಮಾ, ಘಟಪ್ರಭಾ, ಮಲಪ್ರಭಾ ಮತ್ತು ತುಂಗಭದ್ರಾ ನದಿಗಳ ದಂಡೆಯಲ್ಲಿ ಬೇಸಾಯ ಮಾಡುವ ರೈತರಿಗೆ ಮಹಾಪೂರ ಹೊಸದೇನಲ್ಲ. 2009ನೆಯ ಇಸವಿಯ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲಲ್ಲಿ, ಮತ್ತೆ 2019ರ ಆಗಸ್ಟ್ ತಿಂಗಳಿನಲ್ಲಿ ಉತ್ತರ ಕರ್ನಾಟಕ ಕಂಡ ನೆರೆಯನ್ನು ಯಾರೂ ಮರೆತಿಲ್ಲ. ಇಂತಹ ಸಂದರ್ಭಗಳಲ್ಲಿ ಅಗ್ನಿಶಾಮಕ ಸಿಬ್ಬಂದಿ, 2006ರಲ್ಲಿ ರಚನೆಯಾದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಮತ್ತು ಸೈನ್ಯದವರು ನೆರವಿಗೆ ಬರುತ್ತಾರೆ. ಆದರೆ ತುಂಬಿದ ಹಳ್ಳವನ್ನು ದಾಟುವಾಗ ಕಾಲು ಜಾರಿದ ಮನುಷ್ಯನಿಗೆ ಇರುವ ಅವಧಿ ಕೆಲವೇ ನಿಮಿಷ. ಅಷ್ಟರೊಳಗೆ ಅಲ್ಲಿಗೆ ತಲುಪಬಲ್ಲವನು ಪಕ್ಕದ ಹೊಲದ ರೈತನೇ ಹೊರತು ಬೇರೆ ಯಾರೂ ಅಲ್ಲ.

ಆ ರೈತ ಏನು ಮಾಡುತ್ತಾನೆ? ಊರಿನಲ್ಲಿ ಚೆನ್ನಾಗಿ ಈಜು ಬಲ್ಲ ಯುವಕನೊಬ್ಬನನ್ನು ಕರೆಯುತ್ತಾರೆ. ಎತ್ತಿನ ಹಗ್ಗವನ್ನೋ ಬಾವಿಯ ಹಗ್ಗವನ್ನೋ ತಂದು ಅವನ ಸೊಂಟಕ್ಕೆ ಕಟ್ಟುತ್ತಾರೆ. ನಾಲ್ವರು ಹಗ್ಗ ಹಿಡಿದು ನಿಲ್ಲುತ್ತಾರೆ, ಅವನು ನೀರಿಗೆ ಧುಮುಕುತ್ತಾನೆ. ಧೈರ್ಯದಲ್ಲಾಗಲೀ ಸದುದ್ದೇಶದಲ್ಲಾಗಲೀ ಇಲ್ಲಿ ಕೊರತೆಯಿಲ್ಲ. ಆದರೆ ಒಬ್ಬ ಸಾಯುವ ಕಡೆ ಇಬ್ಬರು ಸಾಯುವುದು ಹೀಗೆಯೇ. ಸೆಳವಿನ ನೀರಿನ ರಕ್ಷಣೆಯ ಆರಂಭಿಕ ತರಬೇತಿಯಲ್ಲಿ ಕಲಿಸುವ ಬಹುಪಾಲು ವಿಷಯ, ನೀರಿಗೆ ಇಳಿಯದೆ ಅಥವಾ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ ಕೆಲಸ ಮಾಡುವುದು ಹೇಗೆ ಎಂಬುದಕ್ಕೇ ಸೇರಿದೆ.

ಈ ವಿದ್ಯೆ ಒಂದು ಪ್ರತ್ಯೇಕ ತರಬೇತಿಯ ರೂಪ ಪಡೆದದ್ದು ಅಮೆರಿಕದಲ್ಲಿ. 1975ರಲ್ಲಿ ನ್ಯೂಯಾರ್ಕ್ ಪ್ರಾಂತದ ಬಿಂಗ್‌ಹ್ಯಾಮ್ಟನ್ ಬಳಿ ಸಸ್ಕ್ವೆಹ್ಯಾನ ನದಿಯ ಒಂದು ತಗ್ಗು ಒಡ್ಡಿನ ಕೆಳಗೆ ರಕ್ಷಣೆಗೆಂದು ಹೋದ ಅಗ್ನಿಶಾಮಕ ಸಿಬ್ಬಂದಿಯವರೇ ಪ್ರಾಣ ಕಳೆದುಕೊಂಡರು. 1979ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ರೆಸ್ಕ್ಯೂ ತ್ರೀ’ ಎಂಬ ಸಂಸ್ಥೆ ಇದಕ್ಕೆಂದೇ ಶಿಕ್ಷಣಕ್ರಮವನ್ನು ಆರಂಭಿಸಿತು. ಇಂದು ಅನೇಕ ದೇಶಗಳಲ್ಲಿ ಎರಡು ಮೂರು ದಿನಗಳ ಆರಂಭಿಕ ತರಬೇತಿಗಳು ನಡೆಯುತ್ತವೆ. ಭಾರತದಲ್ಲಿ ವಿಪತ್ತು ಸ್ಪಂದನಾ ಪಡೆಯವರೂ, ದಾಂಡೇಲಿಯ ಕಾಳಿ ನದಿಯಂತಹ ಕಡೆ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕರೆದೊಯ್ಯುವ ಮಾರ್ಗದರ್ಶಿಗಳೂ ಇದೇ ಮೂಲಪಾಠಗಳನ್ನು ಅನುಸರಿಸುತ್ತಾರೆ.

ನೀರಿನ ಬಲವನ್ನು ಲೆಕ್ಕ ಹಾಕುವುದು

ತರಬೇತಿಯ ಮೊದಲ ಬೆಳಗು ದಂಡೆಯ ಮೇಲೆಯೇ ಕಳೆಯುತ್ತದೆ. ನಿಂತ ನೀರಿಗೂ ಹರಿಯುವ ನೀರಿಗೂ ಇರುವ ವ್ಯತ್ಯಾಸವನ್ನು ಮೊದಲು ಮನಗಾಣಬೇಕು. ಬೆನ್ನಿಗೆ ಸೋರೆಬುರುಡೆ ಅಥವಾ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರೇ ಹಳ್ಳಿಗಳಲ್ಲಿ ಹೆಚ್ಚು. ಬಾವಿಯ ನೀರು ಈಜುವವನನ್ನು ಎಲ್ಲಿಗೂ ಒಯ್ಯುವುದಿಲ್ಲ. ದಣಿದರೆ ಮೆಟ್ಟಿಲು ಹತ್ತಿ ಕುಳಿತುಕೊಳ್ಳಬಹುದು. ಹೊಳೆಯ ನೀರು ದಣಿಯುವುದಿಲ್ಲ.

ಹರಿಯುವ ನೀರಿನ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ತರಬೇತಿಗಳಲ್ಲಿ ಬಳಸುವ ಅಂದಾಜಿನಂತೆ, ಗಂಟೆಗೆ ಸುಮಾರು 5 ಕಿ.ಮೀ. ವೇಗದ ನೀರು ನಿಂತ ಮನುಷ್ಯನ ಕಾಲುಗಳ ಮೇಲೆ 7ರಿಂದ 8 ಕಿ.ಗ್ರಾಂ. ಬಲವನ್ನು ಹಾಕುತ್ತದೆ. ಇದನ್ನು ಯಾರಾದರೂ ತಡೆದುಕೊಳ್ಳಬಹುದು. ವೇಗ 10 ಕಿ.ಮೀ.ಗೆ ಏರಿದಾಗ ಅದೇ ಕಾಲುಗಳ ಮೇಲೆ 30 ಕಿ.ಗ್ರಾಂ., ಇಡೀ ದೇಹದ ಮೇಲೆ 60 ಕಿ.ಗ್ರಾಂ. ಬಲ ಬೀಳುತ್ತದೆ. 15 ಕಿ.ಮೀ. ಸಮೀಪಿಸಿದರೆ ದೇಹದ ಮೇಲಿನ ಬಲ ಒಂದು ಕ್ವಿಂಟಾಲನ್ನೂ ಮೀರುತ್ತದೆ. ಜೋಳದ ಚೀಲವನ್ನು ಬೆನ್ನ ಮೇಲೆ ಹೊತ್ತು ಅಭ್ಯಾಸವಿರುವವರಿಗೆ ಈ ಅಂಕಿಗಳ ಅರ್ಥ ಬೇಗ ಆಗುತ್ತದೆ. ಚೀಲವನ್ನು ಕೆಳಗಿಳಿಸಬಹುದು, ಇದನ್ನು ಇಳಿಸಲು ಬರುವುದಿಲ್ಲ.

ವೇಗವನ್ನು ಅಳೆಯಲು ಯಾವ ಉಪಕರಣವೂ ಬೇಡ. ಹೊಲಗಾಲುವೆಯಲ್ಲಿ ನೀರಿನ ಪ್ರಮಾಣ ತಿಳಿಯಲು ತೇಲುವ ವಸ್ತುವನ್ನು ಬಿಟ್ಟು ಎಣಿಸುವ ವಿಧಾನವೇ ಸಾಕು. ದಂಡೆಯಗುಂಟ 20 ಮೀಟರ್ ಅಂತರದಲ್ಲಿ ಎರಡು ಗುರುತುಗಳನ್ನು ಇಟ್ಟು, ತೇಲಿಬರುವ ಕಡ್ಡಿಯೋ ಬೆಂಡೋ ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆಂದು ನೋಡಬೇಕು. 10 ಸೆಕೆಂಡು ಹಿಡಿದರೆ ವೇಗ ಸೆಕೆಂಡಿಗೆ 2 ಮೀಟರ್, ಎಂದರೆ ಗಂಟೆಗೆ ಸುಮಾರು 7 ಕಿ.ಮೀ. ಇಷ್ಟು ವೇಗದ ನೀರು ಮೊಣಕಾಲು ದಾಟಿದ್ದರೆ ಅದರಲ್ಲಿ ನಡೆದುಹೋಗುವ ವಿಚಾರವನ್ನು ಕೈಬಿಡತಕ್ಕದ್ದು.

ಅಣೆಕಟ್ಟಿನಿಂದ ಇಷ್ಟು ಕ್ಯೂಸೆಕ್ಸ್ ನೀರು ಬಿಡಲಾಗಿದೆ ಎಂಬ ವರದಿಯನ್ನು ಕೇಳುವಾಗಲೂ ಲೆಕ್ಕ ನೆನಪಿರಲಿ. ಒಂದು ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ 28.3 ಲೀಟರ್. ನಾರಾಯಣಪುರದಿಂದ ಒಂದು ಲಕ್ಷ ಕ್ಯೂಸೆಕ್ಸ್ ಬಿಟ್ಟರೆ ಕೆಳಗಿನ ಊರಿನ ಮುಂದೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಮಿಕ್ಕಿ ನೀರು ಹಾದುಹೋಗುತ್ತದೆ. ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆಗಳಲ್ಲಿ ವಾಸಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಾಹನಗಳ ವಿಷಯದಲ್ಲಿ ಒಂದೇ ಮಾತು. ರಸ್ತೆಯ ಮೇಲೆ ಹರಿಯುವ ನೀರು 30 ಸೆಂ.ಮೀ. ಆಳವಿದ್ದರೆ ಸಣ್ಣ ಕಾರು ತೇಲತೊಡಗುತ್ತದೆ. 60 ಸೆಂ.ಮೀ. ಇದ್ದರೆ ಬಹುತೇಕ ವಾಹನಗಳನ್ನು ಅದು ಒಯ್ಯಬಲ್ಲದು. 2019ರ ಆಗಸ್ಟ್‌ನಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ ಮುಳುಗಿದ ಸೇತುವೆಯ ಮೇಲೆ ಬಾಲಕನೊಬ್ಬ ಮುಂದೆ ಓಡಿ ಆಂಬುಲೆನ್ಸಿಗೆ ದಾರಿ ತೋರಿಸಿದ. ಅವನಿಗೆ ಶೌರ್ಯ ಪ್ರಶಸ್ತಿ ದೊರೆತದ್ದು ಯೋಗ್ಯವೇ. ಆದರೆ ಅದನ್ನು ಮಾದರಿಯೆಂದು ತಿಳಿದು ಬೇರೆ ಮಕ್ಕಳು ಮುಳುಗಿದ ಸೇತುವೆಗೆ ಇಳಿಯಬಾರದು. ನೀರಿನ ಕೆಳಗೆ ಸೇತುವೆಯ ಒಂದು ಭಾಗ ಕುಸಿದಿದ್ದರೆ ಮೇಲಿನಿಂದ ಅದು ಕಾಣುವುದಿಲ್ಲ.

ಹೊಳೆಯನ್ನು ಓದುವ ಕ್ರಮ

ನೀರಿನ ಮೇಲ್ಮೈಯನ್ನು ನೋಡಿ ತಳದಲ್ಲಿ ಏನಿದೆ ಎಂದು ಊಹಿಸುವುದನ್ನು ‘ಹೊಳೆ ಓದುವುದು’ ಎನ್ನಬಹುದು. ಅಂಬಿಗರಿಗೂ ಮೀನುಗಾರರಿಗೂ ಇದು ಪರಂಪರೆಯಿಂದ ಬಂದ ವಿದ್ಯೆ. ತರಬೇತಿ ನೀಡುವವರು ಇಂಥವರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಪಾಠ ಅರ್ಧ ಸುಲಭವಾಗುತ್ತದೆ.

ಎರಡು ಬಂಡೆಗಳ ನಡುವೆ ನೀರು ನುಗ್ಗುವಾಗ ಹರಿವಿನ ದಿಕ್ಕಿಗೆ ತುದಿ ಮಾಡಿದ ನಾಲಿಗೆಯಂತಹ ನುಣುಪಾದ ಪಟ್ಟಿ ಕಾಣುತ್ತದೆ. ಅದು ಆಳವಾದ, ಅಡೆತಡೆ ಇಲ್ಲದ ದಾರಿ. ಅದೇ ತುದಿ ನೀರು ಬರುವ ದಿಕ್ಕಿಗೆ ಮುಖ ಮಾಡಿದ್ದರೆ ಅಲ್ಲಿ ಬಂಡೆಯೋ ಬೊಡ್ಡೆಯೋ ನೀರಿನ ಕೆಳಗೆ ಅಡಗಿದೆ ಎಂದು ತಿಳಿಯಬೇಕು. ದೊಡ್ಡ ಬಂಡೆಯ ಅಥವಾ ಸೇತುವೆ ಕಂಬದ ಹಿಂಬದಿಯಲ್ಲಿ ನೀರು ತಿರುಗಿ ಮೇಲ್ಮುಖವಾಗಿ ಹರಿದು ಶಾಂತವಾಗುತ್ತದೆ. ತರಬೇತಿಯಲ್ಲಿ ಇದಕ್ಕೆ ‘ಎಡ್ಡಿ’ ಎಂದು ಹೆಸರು. ಕೊಚ್ಚಿಹೋಗುವವನಿಗೆ ಇದು ತಂಗುದಾಣ. ಒಮ್ಮೆ ಅದರೊಳಗೆ ಸೇರಿದರೆ ಉಸಿರು ತೆಗೆದುಕೊಳ್ಳಲು ಸಮಯ ಸಿಗುತ್ತದೆ.

ಎಲ್ಲಕ್ಕಿಂತ ಅಪಾಯಕರವಾದವು ಎರಡು. ಮೊದಲನೆಯದು ‘ಜರಡಿ’. ನೀರು ಹಾದುಹೋಗಲು ಬಿಟ್ಟು ಮನುಷ್ಯನನ್ನು ಮಾತ್ರ ಹಿಡಿದು ನಿಲ್ಲಿಸುವ ಯಾವ ವಸ್ತುವನ್ನಾದರೂ ಜರಡಿ ಎನ್ನಬಹುದು: ಬಿದ್ದ ಜಾಲಿಮರ, ಮುಳುಗಿದ ತಂತಿಬೇಲಿ, ಪಂಪ್‌ಸೆಟ್ಟಿನ ಕೊಳವೆಗಳ ಚೌಕಟ್ಟು, ಕಾಲುವೆಯ ಬಾಯಿಗೆ ಹಾಕಿದ ಸರಳು. ಮರದ ಕೊಂಬೆ ಸಿಕ್ಕಿತೆಂದು ನೀರಿನಲ್ಲಿರುವವನಿಗೆ ಸಂತೋಷವಾಗುವುದು ಸಹಜ. ಆದರೆ ಕಾಲುಗಳು ಕೊಂಬೆಗಳ ಕೆಳಗೆ ಸೇರಿದರೆ ನೀರು ದೇಹವನ್ನು ಅಲ್ಲಿಯೇ ಒತ್ತಿ ಹಿಡಿಯುತ್ತದೆ.

ಎರಡನೆಯದು ತಗ್ಗು ಒಡ್ಡು. ಬಾಂದಾರ, ಚೆಕ್‌ಡ್ಯಾಂ ಮತ್ತು ಸೇತುವೆ ಸಹಿತ ಬ್ಯಾರೇಜುಗಳು ಊರೂರಿಗೆ ಇವೆ. ಒಡ್ಡಿನ ಮೇಲಿಂದ ಒಂದೇ ಸಮನೆ ಧುಮುಕಿದ ನೀರು ಬುಡದಲ್ಲಿ ಕೆಳಗೆ ಹೋಗಿ, ಮುಂದೆ ಮೇಲೆದ್ದು, ಮೇಲ್ಮೈಯಲ್ಲಿ ಮತ್ತೆ ಒಡ್ಡಿನ ಕಡೆಗೇ ವಾಪಸ್ಸು ಹರಿಯುತ್ತದೆ. ಅಲ್ಲಿಗೆ ಬಿದ್ದ ತೆಂಗಿನಕಾಯಿ ಅಥವಾ ಖಾಲಿ ಡಬ್ಬಿ ಗಂಟೆಗಟ್ಟಲೆ ಅಲ್ಲಿಯೇ ಉರುಳುತ್ತಿರುವುದನ್ನು ರೈತರು ನೋಡಿರಬಹುದು. ಮನುಷ್ಯನ ಗತಿಯೂ ಅದೇ. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ದೇಹ ಸರಿಯಾಗಿ ತೇಲುವುದೂ ಇಲ್ಲ. ಬಿಂಗ್‌ಹ್ಯಾಮ್ಟನ್ನಿನಲ್ಲಿ ನಡೆದದ್ದು ಇಂತಹ ಜಾಗದಲ್ಲಿಯೇ. ಒಡ್ಡಿನ ಕೆಳಗಿನ ನೊರೆಯೊಳಕ್ಕೆ ಯಾರೂ ಇಳಿಯಕೂಡದು, ದೋಣಿಯನ್ನೂ ಒಯ್ಯಕೂಡದು. ಅಲ್ಲಿ ಸಿಕ್ಕವನಿಗೆ ದಂಡೆಯಿಂದ ಹಗ್ಗ ಎಸೆಯುವುದೊಂದೇ ದಾರಿ.

ಗಾರೆ ಹಾಕಿದ ನೀರಾವರಿ ಕಾಲುವೆಗಳ ಅಪಾಯ ಬೇರೆ ಬಗೆಯದು. ಮೇಲ್ಮೈ ಶಾಂತವಾಗಿ ಕಾಣುತ್ತದೆ. ಇಳಿಜಾರು ಗೋಡೆಗೆ ಪಾಚಿ ಹಿಡಿದಿರುವುದರಿಂದ ಎಷ್ಟು ಒಳ್ಳೆಯ ಈಜುಗಾರನೂ ಹತ್ತಿ ಬರಲಾರ. 2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆಯ ಕನಗನಮರಡಿ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ಸು ಉರುಳಿ 30 ಜನ ಮಡಿದರು. ನಾಲೆಯ ದಂಡೆಯ ಪ್ರತಿ ಗ್ರಾಮದಲ್ಲೂ ಒಂದು ಏಣಿ, ಒಂದು ಉದ್ದನೆಯ ಹಗ್ಗ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇರಬೇಕು.

ಸೊಂಟಕ್ಕೆ ಹಗ್ಗ ಏಕೆ ಕೂಡದು?

ಈ ಪಾಠವೇ ಹಳ್ಳಿಗರಿಗೆ ಒಪ್ಪಲು ಅತಿ ಕಷ್ಟವಾದದ್ದು. ಹಗ್ಗವಿಲ್ಲದೆ ಇಳಿಯುವುದಕ್ಕಿಂತ ಹಗ್ಗ ಕಟ್ಟಿ ಇಳಿಯುವುದು ಕ್ಷೇಮವಲ್ಲವೆ ಎಂದು ಕೇಳುತ್ತಾರೆ. ಈ ನಂಬಿಕೆಗೆ ಮೂಲ ಬಾವಿ. ಹೂಳೆತ್ತಲು ಬಾವಿಗೆ ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿದರೆ ಅದು ಅವನನ್ನು ಮೇಲಕ್ಕೆ ಎಳೆಯುತ್ತದೆ. ಅಲ್ಲಿ ಅದು ಸರಿಯೇ. ಹೊಳೆಯಲ್ಲಿ ಹಗ್ಗ ಎಳೆಯುವುದು ಮೇಲಕ್ಕಲ್ಲ, ಅಡ್ಡಕ್ಕೆ. ನೀರಿನೊಡನೆ ಸಾಗುತ್ತಿರುವವನೆಗೆ ನೀರಿನ ಒತ್ತಡ ಅಷ್ಟಾಗಿ ತಟ್ಟುವುದಿಲ್ಲ. ಹಗ್ಗ ಬಿಗಿಯಾಗಿ ಅವನು ನಿಂತ ಕ್ಷಣವೇ ಮೇಲೆ ಹೇಳಿದ 60 ಕಿ.ಗ್ರಾಂ. ಒತ್ತಡ ಅವನ ಮೇಲೆ ಬೀಳುತ್ತದೆ. ಹಗ್ಗ ಸೊಂಟದ ಮಧ್ಯದಲ್ಲಿ ಹಿಡಿದಿರುವುದರಿಂದ ದೇಹ ಬಾಗುತ್ತದೆ. ಬಾಗಿದ ದೇಹದ ಮೇಲೆ ನೀರು ಏರಿ ಅದನ್ನು ಕೆಳಕ್ಕೆ ಒತ್ತುತ್ತದೆ. ತಲೆ ಮುಳುಗುತ್ತದೆ.

ಅವನು ಮುಳುಗಿದನೆಂದು ಕಂಡ ದಂಡೆಯ ಜನ ಇನ್ನೂ ಜೋರಾಗಿ ಎಳೆಯುತ್ತಾರೆ. ಎಳೆದಷ್ಟೂ ಅವನು ಆಳಕ್ಕೆ ಹೋಗುತ್ತಾನೆ. ಒದ್ದೆಯಾದ ಗಂಟು ಬಿಗಿದುಕೊಂಡಿರುವುದರಿಂದ ತಾನಾಗಿ ಬಿಚ್ಚಿಕೊಳ್ಳಲು ಅವನಿಗೆ ಸಾಧ್ಯವಿಲ್ಲ. ದಂಡೆಯವರು ಉಳಿಸುತ್ತಿದ್ದೇವೆ ಎಂದುಕೊಂಡೇ ಇದನ್ನು ಮಾಡುತ್ತಿರುತ್ತಾರೆ. ಆದ್ದರಿಂದ ತರಬೇತಿಯಲ್ಲಿ ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಮನುಷ್ಯನ ಬದಲು ಮರಳು ಮತ್ತು ಹುಲ್ಲು ತುಂಬಿದ ಗೋಣಿಚೀಲದ ಸೊಂಟಕ್ಕೆ ಹಗ್ಗ ಕಟ್ಟಿ ಸೆಳವಿಗೆ ಬಿಟ್ಟು ತೋರಿಸಬೇಕು. ಹಗ್ಗ ಬಿಗಿದೊಡನೆ ಚೀಲ ಕಣ್ಮರೆಯಾಗುವುದನ್ನು, ಸಡಿಲ ಬಿಟ್ಟೊಡನೆ ಮೇಲೆ ಬರುವುದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಮುಂದಿನ ಹಂತದ ತರಬೇತಿ ಪಡೆದವರು ಹಗ್ಗದೊಡನೆ ನೀರಿಗೆ ಇಳಿಯುವುದುಂಟು. ಆದರೆ ಅವರ ಹಗ್ಗವನ್ನು ರಕ್ಷಣಾ ಅಂಗಿಯ ಬೆನ್ನಿಗೆ ಸಿಕ್ಕಿಸಿರುತ್ತಾರೆ, ಎದೆಯ ಮುಂದಿನ ಒಂದು ಗುಂಡನ್ನು ಎಳೆದೊಡನೆ ಅದು ಕಳಚಿಕೊಳ್ಳುತ್ತದೆ. ಅಂತಹ ಅಂಗಿಯೂ ಅಭ್ಯಾಸವೂ ಇಲ್ಲದವರಿಗೆ ಅದು ಹೇಳಿದ್ದಲ್ಲ. ಯಾರಾದರೂ ಈಗಾಗಲೇ ಸೊಂಟಕ್ಕೆ ಕಟ್ಟಿಕೊಂಡು ಇಳಿದುಬಿಟ್ಟಿದ್ದರೆ ಮೇಲ್ಮುಖವಾಗಿ ಎಳೆಯಬಾರದು. ಹಗ್ಗವನ್ನು ಸಡಿಲಿಸಿ, ನೀರಿನ ಜೊತೆಗೇ ದಂಡೆಯಗುಂಟ ಕೆಳಕ್ಕೆ ಓಡುತ್ತ, ಸ್ವಲ್ಪ ಸ್ವಲ್ಪವಾಗಿ ದಂಡೆಯ ಕಡೆಗೆ ಸೆಳೆದುಕೊಳ್ಳಬೇಕು.

ಮಾತು, ಕೋಲು, ಹಗ್ಗ

ರಕ್ಷಣೆಗೆ ಒಂದು ಅನುಕ್ರಮವಿದೆ. ಮೊದಲು ಮಾತು: ನೀರಿನಲ್ಲಿರುವವನಿಗೆ ಕೂಗಿ ಹೇಳಿ ಅವನೇ ದಂಡೆ ಸೇರುವಂತೆ ಮಾಡುವುದು. ಗಾಬರಿಯಾದವನಿಗೆ ಈ ಕಡೆ ಈಜು ಎಂದು ಕೈ ತೋರಿಸಿದರೇ ಎಷ್ಟೋ ಸಲ ಸಾಕಾಗುತ್ತದೆ. ಕೈ ತೋರಿಸುವಾಗ ಯಾವಾಗಲೂ ಹೋಗಬೇಕಾದ ಕಡೆಗೇ ತೋರಿಸಬೇಕು, ಅಪಾಯದ ಕಡೆಗಲ್ಲ. ಅಲ್ಲಿ ಮರವಿದೆ ಎಂದು ಬೆರಳು ಮಾಡಿದರೆ ಅವನು ಆ ಮರದತ್ತಲೇ ಹೋಗುತ್ತಾನೆ.

ಎರಡನೆಯದು ಕೋಲು. ಬಿದಿರಿನ ಗಳು, ದೋಟಿ, ಏಣಿ, ಏನು ಸಿಕ್ಕಿದರೂ ಆಗಬಹುದು. ನೀಡುವವನು ದಂಡೆಯ ಮೇಲೆ ಮಲಗಿ ಅಥವಾ ಕುಳಿತು ಚಾಚಬೇಕು. 2020ರ ಆಗಸ್ಟ್‌ನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಜಲಾಶಯದಲ್ಲಿ ಮುಳುಗುತ್ತಿದ್ದ ಯುವಕರಿಗೆ ಅಲ್ಲಿದ್ದ ಮೂವರು ಮಹಿಳೆಯರು ಉಟ್ಟ ಸೀರೆಗಳನ್ನೇ ಬಿಚ್ಚಿ ಎಸೆದು ಇಬ್ಬರನ್ನು ಉಳಿಸಿದರು.

ಮೂರನೆಯದು ಎಸೆಯುವ ಹಗ್ಗ. ಆರಂಭಿಕ ತರಬೇತಿಯ ಜೀವಾಳವೇ ಇದು. ಸುಮಾರು 20 ಮೀಟರ್ ಉದ್ದ, 8ರಿಂದ 10 ಮಿ.ಮೀ. ದಪ್ಪದ ಪಾಲಿಪ್ರೊಪಿಲೀನ್ ಹಗ್ಗ ಬೇಕು. ಇದು ನೀರಿನ ಮೇಲೆ ತೇಲುತ್ತದೆ. ನೈಲಾನ್ ಹಗ್ಗ ಮುಳುಗುತ್ತದೆ. ಅಂಗಡಿಯಲ್ಲಿ ಎರಡಕ್ಕೂ ಒಂದೇ ಹೆಸರು ಹೇಳುವುದುಂಟು. ಒಂದು ತುಂಡನ್ನು ಬಕೆಟ್ ನೀರಿನಲ್ಲಿ ಹಾಕಿ ನೋಡಿಯೇ ಕೊಳ್ಳಬೇಕು. ಗಟ್ಟಿ ಬಟ್ಟೆಯ ಚಿಕ್ಕ ಚೀಲದ ತಳಕ್ಕೆ ಹಗ್ಗದ ಒಂದು ತುದಿಯನ್ನು ಕಟ್ಟಿ, ಒಳಗೆ ಒಂದು ತುಂಡು ಥರ್ಮೋಕೋಲನ್ನೋ ಬೆಂಡನ್ನೋ ಇಟ್ಟು, ಉಳಿದ ಹಗ್ಗವನ್ನು ಸುತ್ತಿಡದೆ ಕೈಯಿಂದ ತುಂಬುತ್ತ ಹೋಗಬೇಕು. ಸುತ್ತಿಟ್ಟರೆ ಎಸೆಯುವಾಗ ಗಂಟು ಬೀಳುತ್ತದೆ. ಹೊರಗುಳಿದ ತುದಿಯನ್ನು ಎಡಗೈಯಲ್ಲಿ ಹಿಡಿದು ಚೀಲವನ್ನು ಎಸೆದರೆ ಹಗ್ಗ ಹಾರುತ್ತ ಬಿಚ್ಚಿಕೊಳ್ಳುತ್ತದೆ.

ಎಸೆಯುವ ಮುನ್ನ “ಹಗ್ಗ! ಹಗ್ಗ!” ಎಂದು ಕೂಗಿ ಅವನು ತಿರುಗಿ ನೋಡುವಂತೆ ಮಾಡಬೇಕು. ಚೀಲವನ್ನು ಅವನ ಮುಂದಕ್ಕಲ್ಲ, ತಲೆಯ ಮೇಲಿಂದ ಆಚೆಗೆ ಎಸೆಯಬೇಕು. ಆಗ ಹಗ್ಗ ಅವನ ಹೆಗಲ ಮೇಲೆ ಬೀಳುತ್ತದೆ. ಅವನು ಚೀಲವನ್ನಲ್ಲ, ಹಗ್ಗವನ್ನು ಹಿಡಿದು, ಮಲಗಿದಂತೆ ಬೆನ್ನ ಮೇಲಾಗಿ, ಹಗ್ಗ ಹೆಗಲ ಮೇಲಿಂದ ಹೋಗುವಂತೆ ಮಾಡಿಕೊಂಡರೆ ಮುಖ ನೀರಿನ ಮೇಲೆ ಉಳಿಯುತ್ತದೆ. ಎಸೆದವನು ಕೂಡಲೇ ಕುಳಿತು ಕಾಲೂರಿ ಹಗ್ಗವನ್ನು ಬೆನ್ನ ಹಿಂದಿನಿಂದ ತಂದು ಹಿಡಿಯಬೇಕು. ಕೈಗೆ ಸುತ್ತಿಕೊಳ್ಳಬಾರದು, ಮರಕ್ಕೆ ಕಟ್ಟಬಾರದು. ಎಳೆಯುವ ಅಗತ್ಯವೂ ಇಲ್ಲ. ಗೂಟಕ್ಕೆ ಕಟ್ಟಿದ ಕರು ಸುತ್ತು ಹೊಡೆಯುವಂತೆ ನೀರೇ ಅವನನ್ನು ತೂಗಿ ತಂದು ದಂಡೆಗೆ ಸೇರಿಸುತ್ತದೆ. ಆದುದರಿಂದ ನಿಲ್ಲುವ ಜಾಗವನ್ನು ಆರಿಸುವಾಗ, ಅವನು ಬಂದು ಸೇರುವ ದಂಡೆಯಲ್ಲಿ ಮುಳ್ಳುಕಂಟಿ, ತಂತಿ, ಬಿದ್ದ ಮರ ಇಲ್ಲವೆಂದು ಮೊದಲೇ ನೋಡಿರಬೇಕು.

ಇಲ್ಲೊಂದು ಲೆಕ್ಕವನ್ನು ಗಮನಿಸಬೇಕು. ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿದ್ದರೆ ಎಸೆಯುವವನ ಮುಂದಿನ 20 ಮೀಟರನ್ನು ಮನುಷ್ಯ 10 ಸೆಕೆಂಡಿನಲ್ಲಿ ದಾಟಿಬಿಡುತ್ತಾನೆ. ಮೊದಲ ಎಸೆತ ತಪ್ಪಿತು ಎನ್ನೋಣ. ಹಗ್ಗವನ್ನು ಎಳೆದುಕೊಂಡು ಮತ್ತೆ ಎಸೆಯಲು ನುರಿತವನಿಗೂ 20 ಸೆಕೆಂಡು ಬೇಕು. ಅಷ್ಟರಲ್ಲಿ ಅವನು 40 ಮೀಟರ್ ಕೆಳಗಿರುತ್ತಾನೆ. ಎಂದರೆ ಎರಡನೆಯ ಎಸೆತ ಬಹುಮಟ್ಟಿಗೆ ವ್ಯರ್ಥ. ಹೀಗಾಗಿ ಹಗ್ಗ ಹಿಡಿದ ಎರಡನೆಯವನೊಬ್ಬ ಕೆಳಗಡೆ ನಿಂತಿರಲೇಬೇಕು, ಮೇಲ್ಗಡೆ ತೇಲಿಬರುವ ಮರಗಳನ್ನು ನೋಡಿ ಎಚ್ಚರಿಸಲು ಇನ್ನೊಬ್ಬ ಬೇಕು. ನೀರಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಸೀಟಿ ಬಳಸುತ್ತಾರೆ. ಒಂದು ಸೀಟಿ ಎಂದರೆ ಇತ್ತ ನೋಡಿ ಎಂದರ್ಥ, ಬಿಡದೆ ಮೂರು ಮೂರಾಗಿ ಊದಿದರೆ ತುರ್ತುಸ್ಥಿತಿ.

ನೀರಿಗೆ ಬಿದ್ದವನು ಮಾಡಬೇಕಾದುದು

ಎರಡನೆಯ ದಿನ ಶಿಕ್ಷಣಾರ್ಥಿಗಳನ್ನು ರಕ್ಷಣಾ ಅಂಗಿ ಮತ್ತು ಶಿರಸ್ತ್ರಾಣದೊಡನೆ ಸೆಳವಿಗೆ ಬಿಡುತ್ತಾರೆ. ಮನುಷ್ಯನ ಭಾರ ನೀರಿನೊಳಗೆ 5 ಕಿ.ಗ್ರಾಂ. ಆಸುಪಾಸಿನಷ್ಟೇ ಇರುವುದರಿಂದ 7 ಕಿ.ಗ್ರಾಂ. ತೇಲಿಸುವ ಅಂಗಿ ಸಾಕಾಗುತ್ತದೆ. ಆದರೆ ಪಟ್ಟಿಗಳನ್ನು ಬಿಗಿಯಾಗಿ ಕಟ್ಟಿರಬೇಕು. ಹೆಗಲ ಬಳಿ ಹಿಡಿದು ಎತ್ತಿದಾಗ ಅಂಗಿ ಗದ್ದ ಮೀರಿ ಮೇಲೆ ಬಂದರೆ ಅದು ಸಡಿಲವಾಗಿದೆ ಎಂದರ್ಥ. 2019ರ ಆಗಸ್ಟ್‌ನಲ್ಲಿ ಹಂಪಿಯ ಎದುರಿನ ವಿರೂಪಾಪುರ ಗಡ್ಡೆಯ ಬಳಿ ತುಂಗಭದ್ರೆಯಲ್ಲಿ ರಕ್ಷಣಾ ಸಿಬ್ಬಂದಿಯ ದೋಣಿಯೇ ಮಗುಚಿತು. ಅಂಗಿ ತೊಟ್ಟಿದ್ದ ಅವರೆಲ್ಲರೂ ಬದುಕುಳಿದರು. ಅಂಗಿ ಇಲ್ಲದೆಡೆ ಭದ್ರವಾಗಿ ಮುಚ್ಚಳ ಹಾಕಿದ 10 ಲೀಟರಿನ ಖಾಲಿ ಪ್ಲಾಸ್ಟಿಕ್ ಡಬ್ಬಿಯನ್ನು ತಬ್ಬಿಕೊಂಡರೂ ಒಬ್ಬನನ್ನು ಅದು ತೇಲಿಸುತ್ತದೆ. ಕೀಟನಾಶಕದ ಡಬ್ಬಿಗಳನ್ನು ಮಾತ್ರ ಇದಕ್ಕೆ ಬಳಸಬಾರದು. ಅವನ್ನು ತೂತು ಮಾಡಿ ವಿಲೇವಾರಿ ಮಾಡಿರಬೇಕಾದದ್ದೇ ಸರಿ.

ಕೊಚ್ಚಿಹೋಗುವಾಗ ಬೆನ್ನ ಮೇಲೆ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ಇರಬೇಕು. ಎದುರಾಗುವ ಬಂಡೆಯನ್ನು ಕಾಲಿನಿಂದ ತಳ್ಳಬಹುದು. ಯಾವ ಕಾರಣಕ್ಕೂ ಸೆಳವಿನಲ್ಲಿ ಎದ್ದು ನಿಲ್ಲಲು ಪ್ರಯತ್ನಿಸಬಾರದು. ಕಾಲು ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡರೆ ನೀರು ದೇಹವನ್ನು ಮುಂದಕ್ಕೆ ಮಗುಚಿ ಹಾಕುತ್ತದೆ, ಎದೆಯ ಮಟ್ಟದ ನೀರಿನಲ್ಲೂ ಈಜು ಬಲ್ಲವರು ಮುಳುಗುವುದು ಹೀಗೆ. ಕೈಗಳು ತಳಕ್ಕೆ ತಾಗುವಷ್ಟು ಆಳ ಕಡಿಮೆಯಾದ ಮೇಲಷ್ಟೇ ಏಳಬೇಕು.

ದಂಡೆ ಸೇರಲು ನೇರ ಅಡ್ಡಕ್ಕೆ ಈಜುವುದಾದರೆ ಏನಾಗುತ್ತದೆ? ಹೊಳೆಯ ಅಗಲ 40 ಮೀಟರ್, ಈಜುವವನ ವೇಗ ಸೆಕೆಂಡಿಗೆ 1 ಮೀಟರ್, ನೀರಿನದು 2 ಮೀಟರ್ ಎಂದಿಟ್ಟುಕೊಳ್ಳೋಣ. ದಾಟಲು 40 ಸೆಕೆಂಡು ಬೇಕು, ಅಷ್ಟರಲ್ಲಿ ಅವನು 80 ಮೀಟರ್ ಕೆಳಗೆ ಹೋಗಿರುತ್ತಾನೆ. ಆ 80 ಮೀಟರಿನೊಳಗೆ ಒಡ್ಡು ಅಥವಾ ಬಿದ್ದ ಮರ ಇದ್ದರೆ ದಾಟುವ ಮಾತೇ ಇಲ್ಲ. ಮುಖವನ್ನು ಹರಿವಿನ ಎದುರಿಗೆ ಓರೆಯಾಗಿಟ್ಟು, ದಂಡೆಯ ಕಡೆಗೆ ಸುಮಾರು 45 ಡಿಗ್ರಿ ಕೋನದಲ್ಲಿ ಬಲವಾಗಿ ಈಜಿದರೆ ಕೆಳಗೆ ಸರಿಯುವುದು ಕಡಿಮೆಯಾಗುತ್ತದೆ. ಜರಡಿಯನ್ನು ತಪ್ಪಿಸಲು ಆಗದಿದ್ದಾಗ ಮಾತ್ರ ಮಲಗಿದ ಭಂಗಿಯನ್ನು ಬಿಟ್ಟು, ತಲೆ ಮುಂದಾಗಿ ಅದರತ್ತ ಜೋರಾಗಿ ಈಜಿ, ತಲುಪಿದೊಡನೆ ಕೈಯೂರಿ ಎದೆಯನ್ನು ಅದರ ಮೇಲಕ್ಕೆ ಹಾರಿಸಬೇಕು. ತರಬೇತಿಯಲ್ಲಿ ಅಡ್ಡಕ್ಕೆ ಕಟ್ಟಿದ ಪ್ಲಾಸ್ಟಿಕ್ ಕೊಳವೆಯ ಮೇಲೆ ಇದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಮೊದಲ ಸಲ ಬಹುತೇಕರ ಕಾಲು ಕೆಳಗೆ ಸಿಕ್ಕಿಕೊಳ್ಳುತ್ತದೆ.

ತೀರ ಅನಿವಾರ್ಯವಾಗಿ ಆಳವಿಲ್ಲದ ಹಳ್ಳ ದಾಟಬೇಕಾದಾಗ ಕುರಿಗಾಹಿಗಳ ಕ್ರಮವೇ ಸರಿ. ಗಟ್ಟಿ ಕೋಲನ್ನು ಮುಂದೆ ಊರಿ, ಮುಖವನ್ನು ನೀರು ಬರುವ ಕಡೆಗಿಟ್ಟು, ಕೋಲು ಮತ್ತು ಎರಡು ಕಾಲುಗಳ ಪೈಕಿ ಒಂದನ್ನು ಮಾತ್ರ ಒಮ್ಮೆಗೆ ಸರಿಸುತ್ತ ಅಡ್ಡಡ್ಡ ಹೋಗಬೇಕು. ಧೋತರ, ಸೀರೆ ಕಾಲಿಗೆ ತೊಡರದಂತೆ ಎತ್ತಿ ಕಟ್ಟಿರಬೇಕು. ಗಮ್‌ಬೂಟು ಹಾಕಬಾರದು.

ದನಗಳು ಮತ್ತು ಪಂಪ್‌ಸೆಟ್ಟುಗಳು

ಹೊಳೆಯ ನೆರೆಯಲ್ಲಿ ರೈತ ನೀರಿಗೆ ಇಳಿಯುವುದು ಮನುಷ್ಯರಿಗಾಗಿ ಮಾತ್ರವಲ್ಲ. ದಂಡೆಯಲ್ಲಿ ಬಿಟ್ಟ ಮೋಟಾರು, ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆ, ಇವುಗಳಿಗಾಗಿಯೂ ಇಳಿಯುತ್ತಾನೆ. ಸಾಲ ಮಾಡಿ ಕೊಂಡ ಮೋಟಾರನ್ನು ಬಿಟ್ಟುಬಿಡು ಎಂದು ಹೇಳುವುದು ಸುಲಭ, ಬಿಡುವುದು ಸುಲಭವಲ್ಲ. ಆದ್ದರಿಂದ ಎಚ್ಚರಿಕೆ ಬಂದ ದಿನವೇ ಅದನ್ನು ಮೇಲಕ್ಕೆ ಸಾಗಿಸುವುದನ್ನು ಗ್ರಾಮದ ಎಲ್ಲರೂ ಸೇರಿ ಮಾಡುವ ವ್ಯವಸ್ಥೆ ಇರಬೇಕು. ಮುಳುಗಿದ ಪಂಪ್‌ಸೆಟ್ಟಿನ ಬಳಿ ವಿದ್ಯುತ್ ಸಂಪರ್ಕ ಕಡಿದಿದೆಯೆಂದು ಖಚಿತವಾಗುವವರೆಗೆ ಯಾರೂ ಹೋಗಕೂಡದು. ದನಗಳು ಸ್ವಭಾವತಃ ಈಜಬಲ್ಲವು. ನೀರು ಏರುವ ಮೊದಲೇ ಕಣ್ಣಿ ಬಿಚ್ಚಿಬಿಟ್ಟರೆ ಅವು ತಾವಾಗಿ ಎತ್ತರದ ಜಾಗ ಸೇರುವ ಸಂಭವ ಹೆಚ್ಚು. ಕಟ್ಟಿದ ದನಕ್ಕೆ ಆ ಅವಕಾಶವಿಲ್ಲ.

ದಂಡೆಗೆ ತಂದ ಮೇಲೆ

ಮುಳುಗಿದವನನ್ನು ತಲೆಕೆಳಗಾಗಿ ಹಿಡಿಯುವುದು, ಕುಂಬಾರನ ಚಕ್ರದ ಮೇಲೆ ಮಲಗಿಸಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಇವೆಲ್ಲ ಬೆಲೆಬಾಳುವ ಸಮಯವನ್ನು ಹಾಳುಮಾಡುತ್ತವೆ. ಅವನಿಗೆ ಬೇಕಾದದ್ದು ಗಾಳಿ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಉಬ್ಬುವಂತೆ ಎರಡು ಸಲ ಉಸಿರು ಕೊಡಬೇಕು. ನಂತರ ಎದೆಯ ಮಧ್ಯದಲ್ಲಿ ಎರಡೂ ಕೈಯೂರಿ, ದೊಡ್ಡವರಾದರೆ 5 ಸೆಂ.ಮೀ. ಕಡಿಮೆಯಿಲ್ಲದಂತೆ, ನಿಮಿಷಕ್ಕೆ 100ರಿಂದ 120ರ ಗತಿಯಲ್ಲಿ 30 ಸಲ ಒತ್ತಬೇಕು. ಮತ್ತೆ ಎರಡು ಉಸಿರು, ಮತ್ತೆ 30 ಒತ್ತು. ಅವನು ಉಸಿರಾಡುವವರೆಗೆ ಅಥವಾ ವೈದ್ಯಕೀಯ ನೆರವು ಬರುವವರೆಗೆ ಇದನ್ನು ನಿಲ್ಲಿಸಬಾರದು. ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಬೇಕು. ಎಚ್ಚರವಾಗಿ ಮಾತನಾಡುತ್ತಿದ್ದರೂ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಶ್ವಾಸಕೋಶಕ್ಕೆ ಹೋದ ನೀರಿನ ಪರಿಣಾಮ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳುವುದುಂಟು.

ಗ್ರಾಮದಲ್ಲಿ ತರಬೇತಿಯ ಏರ್ಪಾಡು

ಆರಂಭಿಕ ತರಬೇತಿಗೆ ಮುಂಗಾರಿನ ಮುಂಚಿನ ತಿಂಗಳುಗಳು ಸೂಕ್ತ. ಕಾಲುವೆ ಅಥವಾ ಹೊಳೆಯಲ್ಲಿ ಸೊಂಟದ ಮಟ್ಟ ಮೀರದ, ಕೆಳಗಡೆ ಒಡ್ಡು ಇಲ್ಲದ, ಅಗಲವಾಗಿ ಹರಡಿ ನಿಧಾನವಾಗುವ ಜಾಗವನ್ನು ಆರಿಸಬೇಕು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಅಥವಾ ಸಮೀಪದ ಅಗ್ನಿಶಾಮಕ ಠಾಣೆಯ ಮುಖಾಂತರ ಬಲ್ಲ ಶಿಕ್ಷಕರನ್ನು ಕರೆಸದೆ ನೀರಿನೊಳಗಿನ ಅಭ್ಯಾಸವನ್ನು ಮಾಡಕೂಡದು. ಈ ಲೇಖನವನ್ನು ಓದಿ ಹೊಳೆಗೆ ಇಳಿಯುವುದು ಖಂಡಿತ ಸಲ್ಲದು.

ಹಗ್ಗ ಎಸೆಯುವ ಅಭ್ಯಾಸಕ್ಕೆ ಮಾತ್ರ ನೀರೇ ಬೇಕಿಲ್ಲ, ಶಿಕ್ಷಕರೂ ಬೇಕಿಲ್ಲ. ಕೊಯ್ಲಾದ ಹೊಲದಲ್ಲಿ 15 ಮೀಟರ್ ದೂರಕ್ಕೆ ಎರಡು ಗೂಟ ನೆಟ್ಟು, ನಡುವೆ ಒಬ್ಬನನ್ನು ಓಡಿಸಿ ಅವನ ಹೆಗಲ ಮೇಲೆ ಹಗ್ಗ ಬೀಳುವಂತೆ ಎಸೆಯಬಹುದು. ಹೆಂಗಸರೂ ಶಾಲೆಯ ಹಿರಿಯ ಮಕ್ಕಳೂ ಇದನ್ನು ಕಲಿಯಬೇಕು. ಹಗಲು ಹೊತ್ತಿನಲ್ಲಿ ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಲೋ ದನ ಮೇಯಿಸುತ್ತಲೋ ಇರುವವರು ಅವರೇ.

ಅಭ್ಯಾಸವಾದ ಮೇಲೆ ಹಗ್ಗವನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ ಚೀಲಕ್ಕೆ ತುಂಬಬೇಕು. ಬಿಸಿಲಿನಲ್ಲಿ ಬಿಟ್ಟರೆ ಪಾಲಿಪ್ರೊಪಿಲೀನ್ ಎಳೆಗಳು ಪೆಡಸಾಗಿ ಒಂದೆರಡು ವರ್ಷದಲ್ಲಿ ಪುಡಿಯಾಗುತ್ತವೆ. ಈ ಹಗ್ಗವನ್ನು ಹೊರೆ ಕಟ್ಟಲು, ಎತ್ತು ಕಟ್ಟಲು ಕೊಡಬಾರದು. ಚೀಲವನ್ನು ಇಲಿಗಳಿಗೆ ಎಟುಕದಂತೆ ಗೋಡೆಯ ಮೊಳೆಗೆ ತೂಗುಹಾಕಿ, ಅದು ಯಾರ ಮನೆಯಲ್ಲಿದೆ ಎಂಬುದನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಮಳೆಗಾಲಕ್ಕೆ ಮೊದಲು ಬರೆಸಬೇಕು.